ಹಳೇ ತೋಟದ ಗೋಡೆಗೆ ಸಿಮೆಂಟ್ ಮೆತ್ತಿಸಬೇಡಿ

ಲಂಡನ್ನಿನ ಬ್ಲ್ಯಾಕ್‌ಹೀತ್, ಹ್ಯಾಂಪ್‌ಸ್ಟೆಡ್ ಕಡೆ ಜಾರ್ಜಿಯನ್ ಕಾಲದ (ಸುಮಾರು 1714–1830) ಮನೆ ಕೊಂಡವರಿಗೆ: ಹಿತ್ತಲಿನ ಗೋಡೆಯ ಸಂದು ಉದುರುತ್ತಿದ್ದರೆ ಸುಣ್ಣದ ಗಾರೆಯನ್ನೇ ತುಂಬಿಸಿ. ಆ ಕಾಲದ ಇಟ್ಟಿಗೆ ಮೆದು. ಹೀರಿದ ನೀರು ಸಂದಿನ ಸುಣ್ಣದ ಮೂಲಕವೇ ಆರಬೇಕು. ಸಿಮೆಂಟ್ ಆ ದಾರಿ ಮುಚ್ಚಿದರೆ ನೀರು ಒಳಗೇ ಉಳಿದು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿ, ಇಟ್ಟಿಗೆಯ ಮುಖವೇ ಚಕ್ಕೆಚಕ್ಕೆಯಾಗಿ ಕಳಚಿಬೀಳುತ್ತದೆ.

ಸಡಿಲ ಗಾರೆಯನ್ನು ಉಳಿಯಿಂದ 20–25 ಮಿ.ಮೀ. ಆಳಕ್ಕೆ ಕೆರೆದು ತೆಗೆಯಿರಿ. ಗ್ರೈಂಡರ್ ಬೇಡವೇ ಬೇಡ, ತೆಳು ಸಂದಿನಲ್ಲಿ ಬ್ಲೇಡು ಇಟ್ಟಿಗೆಯ ಅಂಚನ್ನೇ ತಿಂದುಹಾಕುತ್ತದೆ. ಧೂಳು ತೆಗೆದು ನೀರು ಚಿಮುಕಿಸಿ. ಎನ್‌ಎಚ್‌ಎಲ್ (ನೀರು ಸೇರಿದರೆ ಗಟ್ಟಿಯಾಗುವ ನ್ಯಾಚುರಲ್ ಹೈಡ್ರಾಲಿಕ್ ಲೈಮ್; ಅಂಕಿ ಅದರ ಗಟ್ಟಿತನದ ದರ್ಜೆ) 2 ಅಥವಾ 3.5 ಸುಣ್ಣ 1 ಪಾಲು, ತೊಳೆದ ಒರಟು ಮರಳು ಸುಮಾರು 3 ಪಾಲು. ಹಿಡಿಯಲ್ಲಿ ಉಂಡೆ ಕಟ್ಟುವಷ್ಟೇ ನೀರು ಸಾಕು, ಹೆಚ್ಚಾದರೆ ಒಣಗುವಾಗ ಬಿರುಕು ಬಿಡುತ್ತದೆ. ಒತ್ತಿ ತುಂಬಿ, ಬೆರಳಿನ ಗುರುತು ಮೂಡದಷ್ಟು ಬಿಗಿದ ಮೇಲೆ ಗಡುಸು ಬ್ರಶ್ಶಿನಿಂದ ತಟ್ಟಿ. ಒದ್ದೆ ಗೋಣಿತಾಟು ಹೊದಿಸಿ ಒಂದು ವಾರವಾದರೂ ತೇವ ಕಾಯಿರಿ. ಬಹಳ ಜನ ಇಲ್ಲೇ ಅವಸರ ಮಾಡುತ್ತಾರೆ, ಬೇಗ ಒಣಗಿದ ಗಾರೆ ಪುಡಿಯಾಗುತ್ತದೆ. 5 ಡಿಗ್ರಿಗಿಂತ ತಣ್ಣಗಿರುವಾಗ ಕೆಲಸ ಬೇಡ. ಸುಣ್ಣ ಕಣ್ಣು ಸುಡುತ್ತದೆ, ಕನ್ನಡಕ, ಕೈಗವಸು ಇರಲಿ.

ಬುಡಕ್ಕೆ ಮಣ್ಣು ಏರಿಸಿದ್ದರೆ ಮೊದಲು ಇಳಿಸಿ.

ಮನೆ ಲಿಸ್ಟೆಡ್ (ಕಾನೂನಿನ ರಕ್ಷಣೆಯುಳ್ಳ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿರುವುದು) ಆಗಿದ್ದು, ಗೋಡೆ 1948ರ ಜುಲೈ 1ಕ್ಕೂ ಹಿಂದಿನದಾಗಿದ್ದರೆ ಸಾಮಾನ್ಯವಾಗಿ ಅದಕ್ಕೂ ಅದೇ ರಕ್ಷಣೆ ಇರುತ್ತದೆ. ಕೈ ಹಚ್ಚುವ ಮುಂಚೆ ಕೌನ್ಸಿಲ್‌ನ ಕನ್ಸರ್ವೇಶನ್ ಆಫೀಸರನ್ನು (ಹಳೇ ಕಟ್ಟಡಗಳ ರಕ್ಷಣೆ ನೋಡಿಕೊಳ್ಳುವ ಅಧಿಕಾರಿ) ಕೇಳಿ.