ಕೂಸಿನ ಇಸುಬಿಗೆ ಕ್ರೀಮು ಆರಿಸುವಾಗ ಟ್ಯೂಬಿನ ಹಿಂಬದಿ ಓದಿ

ದೀಪಾವಳಿ ಕಳೆದು ಮೂಡಗಾಳಿ ಬೀಸತೊಡಗಿತೆಂದರೆ ಹುಬ್ಬಳ್ಳಿ-ಧಾರವಾಡದಿಂದ ಗದಗಿನವರೆಗೆ ಎಳೆಗೂಸುಗಳ ಗಲ್ಲ ಒಡೆಯುವುದು ವಾಡಿಕೆ. ಒಡೆದ ಗಲ್ಲವೆಲ್ಲ ಇಸುಬಲ್ಲ. ಆದರೆ ಗಲ್ಲ, ಹಣೆ, ಕೈಕಾಲುಗಳ ಹೊರಮೈ ಒರಟಾಗಿ ಕೆಂಪೇರಿ (ಕಪ್ಪು ಮೈಬಣ್ಣದ ಕೂಸಿನಲ್ಲಿ ಅದು ಬೂದುಗಪ್ಪಾಗಿಯೂ ಕಾಣಬಹುದು), ಕೂಸು ಹಾಸಿಗೆಗೆ ಮುಖ ಉಜ್ಜುತ್ತ ರಾತ್ರಿ ನಿದ್ದೆಗೆಡುತ್ತಿದ್ದರೆ, ಮಾಯವಾದದ್ದು ಮತ್ತೆ ಮರುಕಳಿಸುತ್ತಿದ್ದರೆ, ಅದು ವೈದ್ಯರು ಎಕ್ಸಿಮಾ ಎನ್ನುವ ಇಸುಬು ಇರಬಹುದು. ಆದ್ದರಿಂದ ಕ್ರೀಮು ಕೊಳ್ಳುವ ಮೊದಲು ಮಕ್ಕಳ ವೈದ್ಯರಿಗೋ ಚರ್ಮದ ವೈದ್ಯರಿಗೋ ಒಮ್ಮೆ ತೋರಿಸುವುದು ಮೊದಲ ಕೆಲಸ. ಮನೆಯಲ್ಲಿ ಇನ್ನಿಬ್ಬರು ರಾತ್ರಿ ಮೈ ತುರಿಸಿಕೊಳ್ಳುತ್ತಿದ್ದು, ಕೂಸಿನ ಅಂಗೈ ಅಂಗಾಲಿನಲ್ಲೂ ಗುಳ್ಳೆಗಳಿದ್ದರೆ ಅದು ಹುಳುಕಜ್ಜಿಯಾಗಿರುವ ಸಂಭವವೇ ಹೆಚ್ಚು. ಅದಕ್ಕೆ ಮನೆಮಂದಿಗೆಲ್ಲ ಬೇರೆಯೇ ಔಷಧ ಬೇಕು.

ಇಸುಬಿನ ಚರ್ಮ ತನ್ನೊಳಗಿನ ತೇವವನ್ನು ಹಿಡಿದಿಟ್ಟುಕೊಳ್ಳಲಾರದು, ಹೊರಗಿನ ಸೋಪು, ಧೂಳು, ರೋಗಾಣುಗಳನ್ನು ತಡೆಯಲೂ ಆರದು. ಕ್ರೀಮಿನ ಕೆಲಸ ಆ ತಡೆಯನ್ನು ಒದಗಿಸುವುದು ಮಾತ್ರ. ಇಸುಬನ್ನು ಬೇರುಸಹಿತ ಕೀಳುವ ಕ್ರೀಮು ಎಂಬುದಿಲ್ಲ.

ಎರಡನೆಯದಾಗಿ, ಯಾವ ಬಗೆಯದು ಬೇಕೆಂದು ನಿರ್ಧರಿಸಬೇಕು. ಲೋಷನ್ನಿನಲ್ಲಿ ನೀರು ಹೆಚ್ಚು, ಆಯಿಂಟ್‌ಮೆಂಟಿನಲ್ಲಿ ಜಿಡ್ಡು ಹೆಚ್ಚು, ಕ್ರೀಮು ಎರಡರ ನಡುವಿನದು. ಇಂಗ್ಲೆಂಡಿನಲ್ಲಿ 550 ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಲೋಷನ್, ಕ್ರೀಮು, ಜೆಲ್, ಆಯಿಂಟ್‌ಮೆಂಟುಗಳ ಪರಿಣಾಮದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡುಬರಲಿಲ್ಲ. ಹಾಗಾಗಿ ಮನೆಯವರು ಬೇಸರಪಡದೆ ದಿನವೂ ಹಚ್ಚಬಲ್ಲದ್ದೇ ಒಳ್ಳೆಯದು. ನಮ್ಮ ಹವೆಗೆ ಹೇಳುವುದಾದರೆ, ಚಳಿಗಾಲದ ಒಣಗಾಳಿಗೆ ಪೆಟ್ರೋಲಿಯಂ ಜೆಲ್ಲಿಯಂಥ ದಪ್ಪನೆಯದು ಒಗ್ಗುತ್ತದೆ; ಗದಗಿನ ಏಪ್ರಿಲ್ ಬಿಸಿಲಿನಲ್ಲಿ ಅದನ್ನೇ ಹಗಲೆಲ್ಲ ಬಳಿದರೆ ಬೆವರುಸಾಲೆ ಏಳಬಹುದಾದ್ದರಿಂದ ಹಗಲಿಗೆ ಕ್ರೀಮು, ರಾತ್ರಿಗೆ ಜೆಲ್ಲಿ ಎಂದು ಹಂಚಿಕೊಳ್ಳಬಹುದು.

ಇನ್ನು ಅಂಗಡಿಯಲ್ಲಿ. ಟ್ಯೂಬಿನ ಮುಂಬದಿಯ ನಗುವ ಕೂಸು, ಬೇವಿನೆಲೆ, ‘ನೈಸರ್ಗಿಕ’ ಎಂಬ ಹಸಿರು ಅಕ್ಷರ, ಇವುಗಳಿಂದ ಕೊಳ್ಳುವವರಿಗೆ ತಿಳಿಯುವುದು ಏನೂ ಇಲ್ಲ. ಹಿಂಬದಿಯ ಸಣ್ಣಕ್ಷರದ ಪಟ್ಟಿಯಲ್ಲಿ ಸಾಮಾನ್ಯವಾಗಿ ಹೆಚ್ಚು ಪ್ರಮಾಣದ ಪದಾರ್ಥ ಮೊದಲು ಬರುತ್ತದೆ. ವೈಟ್ ಸಾಫ್ಟ್ ಪ್ಯಾರಾಫಿನ್ (ಅಂದರೆ ಪೆಟ್ರೋಲಿಯಂ ಜೆಲ್ಲಿ), ಲಿಕ್ವಿಡ್ ಪ್ಯಾರಾಫಿನ್, ಗ್ಲಿಸರಿನ್, ಸೆರಮೈಡ್ (ಚರ್ಮದಲ್ಲಿ ತಾನಾಗಿಯೇ ಇರುವ ಬಗೆಯ ಜಿಡ್ಡು) ಇವು ಅಲ್ಲಿ ಇರಬೇಕಾದ ಹೆಸರುಗಳು. ಪರ್ಫ್ಯೂಮ್, ಫ್ರೇಗ್ರೆನ್ಸ್, ಲಿನಲೂಲ್, ಲಿಮೊನೀನ್ ಎಂದಿದ್ದರೆ ಸುವಾಸನೆ ಬೆರೆತಿದೆ ಎಂದರ್ಥ. ಅದನ್ನು ಮರಳಿ ಇಟ್ಟುಬಿಡಿ. ‘ಅನ್‌ಸೆಂಟೆಡ್’ ಎಂದು ಬರೆದದ್ದರಲ್ಲೂ ವಾಸನೆ ಮುಚ್ಚುವ ಸುಗಂಧ ಇರಬಹುದಾದ್ದರಿಂದ ‘ಫ್ರೇಗ್ರೆನ್ಸ್ ಫ್ರೀ’ ಎಂಬುದನ್ನೇ ಹುಡುಕಬೇಕು. ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಮತ್ತು ಕ್ರೀಮು ಕೆಡದಂತೆ ಬೆರೆಸುವ ಮಿಥೈಲ್‌ಐಸೋಥಯಾಜೋಲಿನೋನ್ ಬೇಡ; ಎರಡೂ ಚರ್ಮವನ್ನು ಕೆರಳಿಸಬಲ್ಲವು. ದೊಡ್ಡವರ ಒಡೆದ ಹಿಮ್ಮಡಿಗೆ ಒಳ್ಳೆಯದಾದ ಯೂರಿಯಾ ಎಳೆಗೂಸಿನ ಗಾಯಕ್ಕೆ ಉರಿ ಹಚ್ಚುತ್ತದೆ. ಇದೇ ಪಟ್ಟಿಯಲ್ಲಿ ಅರಾಕಿಸ್ ಆಯಿಲ್ ಎಂಬ ಹೆಸರು ಕಂಡರೆ ಅದು ಶೇಂಗಾ ಎಣ್ಣೆಯೇ.

ಶೇಂಗಾದ ಮಾತನ್ನು ನಮ್ಮ ಕಡೆ ಒತ್ತಿ ಹೇಳಬೇಕಾಗುತ್ತದೆ, ಏಕೆಂದರೆ ಗಾಣದ ಶೇಂಗಾ ಎಣ್ಣೆಯನ್ನು ಕೂಸಿನ ಮೈಗೆ ತಿಕ್ಕುವ ಮನೆಗಳು ಇನ್ನೂ ಇವೆ. ಒಡೆದ ಚರ್ಮದ ಮೂಲಕ ಆಹಾರದ ಅಂಶ ಒಳಹೊಕ್ಕರೆ ದೇಹ ಅದನ್ನು ವೈರಿಯೆಂದು ಗುರುತಿಸಿ ಮುಂದೆ ಅಲರ್ಜಿ ಬೆಳೆಸಿಕೊಳ್ಳಬಹುದು. ಶೇಂಗಾ ಎಣ್ಣೆಯುಳ್ಳ ಕ್ರೀಮುಗಳಿಗೂ ಮಕ್ಕಳ ಶೇಂಗಾ ಅಲರ್ಜಿಗೂ ನಂಟಿರುವುದನ್ನು ಬ್ರಿಟನ್ನಿನ ಸಂಶೋಧಕರು 2003ರಲ್ಲೇ ತೋರಿಸಿದ್ದರು. ಹಾಲಿನ ಕೆನೆ, ಕಡಲೆಹಿಟ್ಟುಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಸಾಸಿವೆ ಎಣ್ಣೆ, ಆಲಿವ್ ಎಣ್ಣೆಗಳು ಚರ್ಮದ ತಡೆಯನ್ನೇ ಸಡಿಲಿಸುತ್ತವೆ. ಎಣ್ಣೆ ಹಚ್ಚಲೇಬೇಕೆಂದು ಅಜ್ಜಿ ಹಟ ಹಿಡಿದರೆ ಸುವಾಸನೆ ಬೆರೆಸದ ಶುದ್ಧ ಕೊಬ್ಬರಿ ಎಣ್ಣೆಗೆ ಒಪ್ಪಿಸಬಹುದು. ಆದರೆ ಹಸಿಗಾಯವಿದ್ದಲ್ಲಿ ಅದೂ ಬೇಡ.

ಬೆಲೆಯನ್ನು ಗ್ರಾಮಿನ ಲೆಕ್ಕದಲ್ಲಿ ನೋಡಬೇಕು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಇಸುಬಿನ ಮಕ್ಕಳಿಗೆ ವಾರಕ್ಕೆ 250ರಿಂದ 500 ಗ್ರಾಮ್ ಕೊಡಬೇಕೆನ್ನುತ್ತದೆ. ಎದೆಗೂಸಿಗೆ ಅದಕ್ಕಿಂತ ಕಡಿಮೆ ಸಾಕಾದರೂ 50 ಗ್ರಾಮಿನ ಟ್ಯೂಬು ತಿಂಗಳು ಬಂತೆಂದರೆ ಹಚ್ಚುತ್ತಿರುವುದು ತೀರ ಕಡಿಮೆ. ಸೆರಮೈಡಿನ ದುಬಾರಿ ಟ್ಯೂಬನ್ನು ಜಿಪುಣತನದಿಂದ ಸವರುವುದಕ್ಕಿಂತ ಅಗ್ಗದ, ಸುವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿಯನ್ನು ಧಾರಾಳವಾಗಿ ಬಳಸುವುದು ಮೇಲೆಂಬುದು ನನ್ನ ಅಭಿಪ್ರಾಯ. ಹೊಸ ಕ್ರೀಮನ್ನು ಮೊದಲು ಕೂಸಿನ ಮುಂಗೈ ಒಳಭಾಗದಲ್ಲಿ ಬಟಾಣಿಯಷ್ಟು, ದಿನಕ್ಕೆ ಎರಡು ಬಾರಿ, ಒಂದು ವಾರ ಹಚ್ಚಿ ನೋಡಿ. ಕೆಂಪಾಗದಿದ್ದರೆ ಮೈಗೆಲ್ಲ ಹಚ್ಚಿ.

ಹಚ್ಚುವ ಹೊತ್ತು ಸ್ನಾನದ ಬೆನ್ನಿಗೇ ಇರಬೇಕು. ಎರೆಯುವ ನೀರು ಉಗುರುಬೆಚ್ಚಗಿದ್ದು, ಸ್ನಾನ ಹತ್ತು ನಿಮಿಷದೊಳಗೆ ಮುಗಿಯಲಿ. ಸೋಪು, ಕಡಲೆಹಿಟ್ಟುಗಳ ಬದಲು ಸೋಪಿಲ್ಲದ ಕ್ಲೆನ್ಸರ್ ಸಾಕು. ಬೋರ್‌ವೆಲ್ಲಿನ ಗಡುಸು ನೀರಿನಲ್ಲಿ ಸೋಪಿನ ಪೊರೆ ಮೈಗೆ ಅಂಟಿಕೊಂಡೇ ಉಳಿಯುತ್ತದೆ. ಉಜ್ಜದೆ ಬಟ್ಟೆಯಿಂದ ಒತ್ತಿ ತೇವ ತೆಗೆದು, ಮೈ ಇನ್ನೂ ಹಸಿಯಿರುವಾಗಲೇ ಕೂದಲು ಬೆಳೆಯುವ ದಿಕ್ಕಿನಲ್ಲಿ ಸವರಬೇಕು. ಡಬ್ಬಿಯಲ್ಲಿದ್ದರೆ ಬೆರಳದ್ದದೆ ಸ್ವಚ್ಛ ಚಮಚದಿಂದ ತೆಗೆಯಿರಿ. ಬ್ಯಾಡಗಿ ಕಡೆಯ ತಾಯಂದಿರು ಮೆಣಸಿನಕಾಯಿ ತೊಟ್ಟು ಬಿಡಿಸಿ ಬಂದ ಕೈಯನ್ನು ಸೋಪಿನಿಂದ ತೊಳೆದು, ಸೀರೆ ಬದಲಿಸಿದ ಮೇಲಷ್ಟೇ ಕೂಸನ್ನು ಮುಟ್ಟುವುದು ಒಳಿತು. ಸ್ನಾನದ ನಂತರದ ಲೋಬಾನದ ಹೊಗೆಯನ್ನು ಬಿಟ್ಟೇಬಿಡಿ. ಹೊಗೆ ಚರ್ಮವನ್ನು ಕೆರಳಿಸುವುದಷ್ಟೇ ಅಲ್ಲ, ಕ್ರೀಮಿನ ಜಿಡ್ಡು ಹೀರಿದ ಕೌದಿಗೆ ಕೆಂಡ ತಗುಲಿದರೆ ಬೆಂಕಿ ಬೇಗನೆ ಹೊತ್ತುತ್ತದೆ.

ಕೆಂಪು ಹೆಚ್ಚಾದಾಗ ವೈದ್ಯರು ಹೈಡ್ರೋಕಾರ್ಟಿಸೋನಿನಂಥ ಸೌಮ್ಯ ಸ್ಟೀರಾಯ್ಡ್ ಬರೆದುಕೊಟ್ಟರೆ ಹೆದರಬೇಕಿಲ್ಲ. ಹೇಳಿದಷ್ಟು ದಿನ ಹಚ್ಚಿ. ಅದಕ್ಕೂ ತೇವದ ಕ್ರೀಮಿಗೂ ನಡುವೆ ಕೆಲವು ನಿಮಿಷ ಬಿಡಿ. ಹೆದರಬೇಕಾದದ್ದು ಚೀಟಿಯಿಲ್ಲದೆ ಕೈಗೆ ಬರುವ, ಕ್ಲೋಬೆಟಾಸೋಲ್ ಅಥವಾ ಬೆಟಾಮೆಥಾಸೋನ್ ಎಂಬ ಪ್ರಬಲ ಸ್ಟೀರಾಯ್ಡಿನೊಂದಿಗೆ ಫಂಗಸ್ ಔಷಧವನ್ನೂ ಆಂಟಿಬಯಾಟಿಕ್ಕನ್ನೂ ಬೆರೆಸಿದ ಕ್ರೀಮುಗಳಿಗೆ. ಎರಡು ದಿನದಲ್ಲಿ ಗಲ್ಲ ನುಣುಪಾಗುವುದನ್ನು ಕಂಡು ಮತ್ತೆ ಮತ್ತೆ ತರಿಸುವವರಿದ್ದಾರೆ. ಆದರೆ ಎಳೆಯ ಚರ್ಮ ತೆಳ್ಳಗಾಗುವುದೂ ಔಷಧ ರಕ್ತಕ್ಕೆ ಸೇರುವುದೂ ಅದರಿಂದಲೇ.

ಇಸುಬಿನ ಜಾಗದಲ್ಲಿ ಹಳದಿ ಹಕ್ಕಳೆ ಕಟ್ಟಿ ಕೀವು ಸೋರಿದರೆ, ಜ್ವರ ಬಂದರೆ, ಒಂದೇ ಅಳತೆಯ ಸಣ್ಣ ನೀರುಗುಳ್ಳೆಗಳು ಗುಂಪಾಗಿ ಎದ್ದು ಒಡೆದರೆ ಕ್ರೀಮು ಬದಲಿಸುತ್ತ ಕೂಡುವ ಹೊತ್ತಲ್ಲ ಅದು. ಅಂದೇ ಆಸ್ಪತ್ರೆಗೆ ಹೊರಡಿ. ಅಲ್ಲಿಯವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡೇ ಹೋಗಿ.