ಹಳಗನ್ನಡ ಕಾವ್ಯದಿಂದ ಕೂಸಿಗೆ ಹೆಸರು: ನನ್ನ ಅನುಭವ

ಹಳಗನ್ನಡ ಕಾವ್ಯಗಳಿಂದ ಕೂಸುಗಳಿಗೆ ಹೆಸರು ಹುಡುಕಿಕೊಡುವ ಕೆಲಸಕ್ಕೆ ನಾನು ಇಳಿದಾಗ, ಅಂಥ ಹೆಸರನ್ನು ದುಡ್ಡು ಕೊಟ್ಟು ಯಾರು ಕೇಳುತ್ತಾರೆ ಎಂದು ನಮ್ಮ ಕನ್ನಡ ಅಧ್ಯಾಪಕರ ಬಳಗವೆಲ್ಲ ನಕ್ಕಿತ್ತು. ಮೊದಲ ಎರಡು ವರ್ಷ ಅವರ ಮಾತೇ ನಿಜವಾಯಿತು. ಸುಮಾರು 600 ಹೆಸರುಗಳ ಪುಸ್ತಿಕೆಯನ್ನು ಅಚ್ಚು ಹಾಕಿಸಲು ₹18,000ದಷ್ಟು ಸುರಿದೆ. ಮಾರಾಟವಾದದ್ದು 40 ಪ್ರತಿ ಇರಬೇಕು. ಉಳಿದ ಕಟ್ಟುಗಳು ಇಂದಿಗೂ ಅಟ್ಟದ ಮೇಲಿವೆ.

ಅದಕ್ಕಿಂತ ದೊಡ್ಡ ಪೆಟ್ಟು ‘ಅಮೃತಮತಿ’ಯಿಂದ ಬಿತ್ತು. ಉಚ್ಚಾರದ ಚೆಲುವಿಗೆ ಮರುಳಾಗಿ ಆ ಹೆಸರನ್ನು ಒಂದು ಮನೆಗೆ ಸೂಚಿಸಿದ್ದೆ. ನಾಮಕರಣಕ್ಕೆ ಮೂರು ದಿನ ಉಳಿದಿರುವಾಗ, ಜನ್ನನ ‘ಯಶೋಧರ ಚರಿತೆ’ಯನ್ನು ಕಾಲೇಜಿನಲ್ಲಿ ಓದಿದ್ದ ಕೂಸಿನ ಸೋದರತ್ತೆ, ಮಾವುತನಿಗೆ ಮನಸೋತು ಗಂಡನಿಗೂ ಅತ್ತೆಗೂ ವಿಷವಿಕ್ಕಿದವಳ ಹೆಸರು ನಮ್ಮ ಮನೆಗೇಕೆ ಸ್ವಾಮಿ ಎಂದು ಕೇಳಿದರು. ಪಡೆದಿದ್ದ ₹500 ಮರಳಿಸಿ ಬಂದೆ. ಅದೇ ಕಾವ್ಯದ ‘ಅಭಯಮತಿ’ ಆಗ ನೆನಪಿಗೇ ಬರಲಿಲ್ಲ. ‘ನೀಲಾಂಜನೆ’ಯೂ ಹೀಗೆಯೇ ಕೈಕೊಟ್ಟಿತು, ಪಂಪನ ‘ಆದಿಪುರಾಣ’ದಲ್ಲಿ ಆಕೆ ಕುಣಿಯುತ್ತಿರುವಾಗಲೇ ಆಯುಷ್ಯ ತೀರಿ ಮಾಯವಾಗುತ್ತಾಳೆಂದು ತಿಳಿದ ಮೇಲೆ ಯಾವ ಅಜ್ಜಿ ಒಪ್ಪಿಯಾರು?

ಅಂದಿನಿಂದ ಪಟ್ಟಿ ಕೊಡುವುದನ್ನೇ ಬಿಟ್ಟೆ. ಒಂದು ಮನೆಗೆ ಮೂರೇ ಹೆಸರು. ಪ್ರತಿಯೊಂದರೊಡನೆ ಅದು ಬರುವ ಪದ್ಯ, ಹೊಸಗನ್ನಡದಲ್ಲಿ ಅದರ ಅರ್ಥ ಮತ್ತು ಆ ಪಾತ್ರ ಕೊನೆಗೆ ಏನಾಯಿತೆಂಬ ನಾಲ್ಕು ಸಾಲು. ತೊಟ್ಟಿಲ ಮುಂದೆ ಆ ಪದ್ಯವನ್ನು ನಾನೇ ಓದುತ್ತೇನೆ. ಹಿರಿಯರು ಒಲಿಯುವುದು ಅಲ್ಲಿಯೇ. ಗಂಡುಮಕ್ಕಳಿಗೆ ಬಿರುದುಗಳೇ ಸುರಕ್ಷಿತವೆಂಬುದನ್ನು ತಡವಾಗಿ ಕಂಡುಕೊಂಡೆ. ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಲ್ಲಿ ಕಾಣುತ್ತ ಪಂಪನು ಬಳಸಿದ ‘ಗುಣಾರ್ಣವ’, ‘ಅರಿಗ’ಗಳಿಗೆ ಯಾವ ಅಪಮೃತ್ಯುವೂ ಅಂಟಿಲ್ಲ. ಅದೇ ಸಾಲಿನಲ್ಲಿ ‘ಪ್ರಿಯಗಳ್ಳ’ನೂ ಇದ್ದಾನೆ, ಹೆಸರಿನಲ್ಲೇ ಕಳ್ಳನಿರುವ ಅವನ ತಂಟೆಗೆ ಹೋಗಬೇಡಿ. ದೊಡ್ಡವರ ಹೆಸರು ಕೂಸಿಗೆ ಭಾರವಾಗದೇ ಎಂದವರಿಗೆ ರನ್ನನನ್ನು ತೋರಿಸುತ್ತೇನೆ: ತನ್ನ ಪೋಷಕರಾದ ಚಾವುಂಡರಾಯ, ಅತ್ತಿಮಬ್ಬೆಯರ ನೆನಪಿಗೆ ಮಗನನ್ನು ರಾಯನೆಂದೂ ಮಗಳನ್ನು ಅತ್ತಿಮಬ್ಬೆಯೆಂದೂ ಕರೆದವನು ಅವನು.

ನಡುವೆ ಒಮ್ಮೆ ತದ್ಭವಗಳ ಕಡೆಗೂ ಹೊರಳಿದ್ದೆ. ರತ್ನ ರನ್ನವಾಗುವುದಾದರೆ ವಿದ್ಯೆ ಬಿಜ್ಜೆಯಾಗಬಾರದೇಕೆ ಎಂದುಕೊಂಡು ಒಬ್ಬ ತಾಯಿಯ ಮುಂದಿಟ್ಟೆ, ಆಕೆ ನಕ್ಕೇಬಿಟ್ಟರು. ಆ ಗುಂಪಿನಲ್ಲಿ ನಡೆದದ್ದು ‘ಸಿರಿ’ ಒಂದೇ. ನಕ್ಷತ್ರದ ಅಕ್ಷರದ ತಲೆನೋವು ನಿಮಗೂ ಗೊತ್ತು. ಹಸ್ತಾ ನಕ್ಷತ್ರದ ‘ಣ’, ‘ಠ’ ಬಂದರೆ ಕಾವ್ಯವೆಲ್ಲ ಜಾಲಾಡಿದರೂ ಕೈಗೆ ಏನೂ ಹತ್ತದು. ಅದಕ್ಕೆ ನನ್ನಲ್ಲೊಂದು ಉಪಾಯವಿದೆ, ಇಲ್ಲಿ ಹೇಳುವುದಿಲ್ಲ.

ಈಗ ಒಂದು ಮನೆಗೆ ₹1,500 ಪಡೆಯುತ್ತೇನೆ, ಇದುವರೆಗೆ 70 ಮನೆಗಳಾಗಿರಬಹುದು. ಅಚ್ಚಿನ ಸಾಲ ಎಂದೋ ತೀರಿತು. ಬಾಕಿ ಉಳಿದಿರುವ ತೊಡಕು ಇಂಗ್ಲಿಷ್ ಕಾಗುಣಿತದ್ದು. ‘ಸ್ವಯಂಪ್ರಭೆ’ಯ ಕೊನೆಯ ಎಕಾರವನ್ನು ಇದ್ದಂತೆಯೇ ಬರೆಸಿದ ಒಂದು ಕೂಸನ್ನು ಶಾಲೆಯಲ್ಲಿ ‘ಪ್ರಭೀ’ ಎಂದು ಕರೆಯುತ್ತಿದ್ದಾರಂತೆ. ಜನನ ನೋಂದಣಿಯಲ್ಲಿ ಹೆಸರು ಸೇರಿಸಲು ಶುಲ್ಕವಿಲ್ಲದೆ ಒಂದು ವರ್ಷ ಕಾಲಾವಕಾಶ ಇರುವುದರಿಂದ, ಇಂಗ್ಲಿಷಿನಲ್ಲಿ ಬರೆದುಕೊಂಡು ನಾಲ್ಕು ಜನರಿಂದ ಓದಿಸಿ ನೋಡಿದ ಮೇಲೆಯೇ ಅರ್ಜಿ ತುಂಬಿಸುತ್ತಿದ್ದೇನೆ.