ಹಳೆ ಎಸ್ಟೀಮಿಗೆ ಕ್ರೂಸ್ ಕಂಟ್ರೋಲ್: ಮೂರನೇ ಸಲಕ್ಕೆ ಕೈಗೆ ಬಂತು

“ಸರ್ರ, ಕೇಬಲ್ ಆಕ್ಸಿಲರೇಟರ್ ಗಾಡಿಗೆ ಇದೆಲ್ಲಾ ಆಗಂಗಿಲ್ರಿ, ಸುಮ್ನ ರೊಕ್ಕ ಕಳಕೋಬ್ಯಾಡ್ರಿ” ಅಂದಿದ್ದರು ನಮ್ಮ ಮಿಸ್ತ್ರಿ. ಇದು ಅಂದರೆ ಆಕ್ಸಿಲರೇಟರ್ ತುಳಿಯದೇ ಗಾಡಿ ತಾನಾಗಿ ಒಂದೇ ವೇಗ ಹಿಡಿದುಕೊಳ್ಳುವ ಕ್ರೂಸ್ ಕಂಟ್ರೋಲ್, ನನ್ನ ಹಳೆ ಮಾರುತಿ ಎಸ್ಟೀಮ್ ಕಾರಿಗೆ. ಹೋದ ವಾರ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹುಬ್ಬಳ್ಳಿಯಿಂದ ಹಾವೇರಿಗೆ 80ರಲ್ಲಿ ಹೋಗಿಬಂದೆ. ಮುಳ್ಳು 78ರಿಂದ 82ರ ಆಚೆ ಹೋಗಲಿಲ್ಲ.

ಮೊದಲು ಮಾಡಿದ್ದು ವ್ಯಾಕ್ಯೂಮ್ ಡಯಾಫ್ರಾಮ್, ಅಂದರೆ ಇಂಜಿನ್ ಗಾಳಿ ಹೀರುವ ಸೆಳೆತದಿಂದಲೇ ಆಕ್ಸಿಲರೇಟರ್ ಕೇಬಲ್ ಎಳೆಯುವ ಪೊರೆ. ಗುಜರಿಯಲ್ಲಿ 700ಕ್ಕೋ ಏನೋ ಸಿಕ್ಕಿತ್ತು. ಸಪಾಟು ರಸ್ತೆಯಲ್ಲಿ ಬೆಣ್ಣೆ ಥರ ಕೆಲಸ ಮಾಡಿತು. ಆದರೆ ವಂಟಮುರಿ ಘಾಟ್ ಹತ್ತುವಾಗ ಥ್ರಾಟಲ್ (ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ತೆರೆದಷ್ಟೂ ಆ ಸೆಳೆತ, ಅಂದರೆ ಮ್ಯಾನಿಫೋಲ್ಡ್ ವ್ಯಾಕ್ಯೂಮ್, ಕಮ್ಮಿಯಾಗಿ, ಎಳೀಬೇಕಾದ ಹೊತ್ತಲ್ಲೇ ಡಯಾಫ್ರಾಮ್ ಸುಸ್ತು. ವ್ಯಾಕ್ಯೂಮ್ ಕೂಡಿಡೋಕೆ ಪಿವಿಸಿ ಪೈಪಿನ ಟ್ಯಾಂಕು, ಒನ್ ವೇ ವಾಲ್ವು ಎಲ್ಲಾ ಹಾಕಿ ನೋಡಿದೆ, ಎರಡು ತಿರುವು ಜಾಸ್ತಿ ಎಳೆಯಿತು ಅಷ್ಟೇ.

ಎರಡನೇದು, ಕೇಬಲ್ ಎಳೆಯೋಕೆ ಪವರ್ ವಿಂಡೋ ಮೋಟಾರ್. ಇದರಲ್ಲಿ ನಾನು ನಿಜವಾಗಿ ಹೆದರಿದೆ. ಬ್ರೇಕ್ ಒತ್ತಿದರೆ ಮೋಟಾರಿನ ಕರೆಂಟ್ ಕಟ್ ಆಗುತ್ತೆ, ಸರಿ. ಆದರೆ ಒಳಗಿನ ವರ್ಮ್ ಗೇರ್ ಹಿಂದಕ್ಕೆ ತಿರುಗಲ್ಲ, ಥ್ರಾಟಲ್ ಎಳೆದಲ್ಲೇ ನಿಂತಿತು. ಒಂದು ಕಡೆ ನಾನು ಬ್ರೇಕ್ ತುಳೀತಿದ್ದೇನೆ, ಇನ್ನೊಂದು ಕಡೆ ಇಂಜಿನ್ ಎಳೀತಾನೇ ಇದೆ. ಇಗ್ನಿಷನ್ ಆಫ್ ಮಾಡಿ ಬಚಾವಾದೆ, ಪುಣ್ಯಕ್ಕೆ ಖಾಲಿ ರಸ್ತೆ. ವೇಗ ಹಿಡಿಯೋದು ಯಾರ ಕೈಲಾದರೂ ಆಗುತ್ತೆ, ಬಿಡೋದೇ ಕಷ್ಟ ಅಂತ ಅವತ್ತು ಗೊತ್ತಾಯಿತು.

ಹಾಗಾಗಿ ಮೂರನೇ ಸಲ ಅದೇ ಮೋಟಾರಿಗೂ ಕೇಬಲ್ಲಿಗೂ ನಡುವೆ ಎಲೆಕ್ಟ್ರೋಮ್ಯಾಗ್ನೆಟ್ ಹಾಕಿದೆ. ಕರೆಂಟ್ ಹೋದರೆ ಹಿಡಿತ ಬಿಡುತ್ತೆ, ಥ್ರಾಟಲ್ಲನ್ನ ಅದರ ಸ್ಪ್ರಿಂಗೇ ಮುಚ್ಚುತ್ತೆ. ಬ್ರೇಕ್ ಲೈಟಿನ ಸ್ವಿಚ್ ನಂಬಲಿಲ್ಲ. ಫ್ಯೂಸ್ ಹೋದರೆ ಅದು ಸುದ್ದಿಯನ್ನೇ ಕೊಡಲ್ಲ, ಅಲ್ವಾ? ಮ್ಯಾಗ್ನೆಟ್ಟಿನ ಲೈನನ್ನೇ ಪೆಡಲಿನ ಬೇರೆ ಸ್ವಿಚ್ ಮೂಲಕ ಒಯ್ದೆ. ಪೆಡಲ್ ಮುಟ್ಟಿದರೂ ಕಟ್, ವೈರ್ ತುಂಡಾದರೂ ಕಟ್. ಕ್ಲಚ್ಚಿಗೂ ಹಾಗೇ. ಮೊದಲು ಕ್ಲಚ್ ಸ್ವಿಚ್ ಹಾಕಿರಲಿಲ್ಲ, ಗೇರ್ ಬದಲಿಸಲು ಹೋದರೆ ಇಂಜಿನ್ ನಿಮಿಷಕ್ಕೆ 5,000 ಸುತ್ತಿನ ಹತ್ತಿರ ಕಿರುಚಿತು. ಮ್ಯಾಗ್ನೆಟ್ಟಿನಿಂದ ಥ್ರಾಟಲ್ಲಿಗೆ ಕೊಕ್ಕೆ ಹೇಗೆ ಹಾಕಿದೆ ಅನ್ನೋದು ಮಾತ್ರ ನನ್ನಲ್ಲೇ ಇರಲಿ.

ವೇಗ ಓದೋಕೆ ನಡುವೆ ಜಿಪಿಎಸ್ ಮಾಡ್ಯೂಲ್ ಇಟ್ಟು ನೋಡಿದ್ದೆ. ಸೆಕೆಂಡಿಗೆ ಒಂದೇ ಸಲ ಲೆಕ್ಕ ಕೊಡುತ್ತೆ, ಗಾಡಿ ಉಯ್ಯಾಲೆ ಆಡಿ ಹಿಂದೆ ಕೂತಿದ್ದ ಹೆಂಡತಿಗೆ ವಾಂತಿ ಬರುವ ಹಾಗಾಯಿತು. ಆಮೇಲೆ ಡ್ರೈವ್ ಶಾಫ್ಟಿಗೆ ಎದುರುಬದುರಾಗಿ ನಾಲ್ಕು ಅಯಸ್ಕಾಂತ, ಅವು ಹಾದುಹೋದಾಗಲೆಲ್ಲ ಒಂದು ಪಲ್ಸ್ ಕೊಡುವ ಒಂದು ಹಾಲ್ ಸೆನ್ಸರ್. 80ಕ್ಕೆ ಚಕ್ರ ಸೆಕೆಂಡಿಗೆ ಸುಮಾರು 12 ಸುತ್ತು, ಅಂದರೆ 48-50 ಪಲ್ಸ್. ಸಾಕು.

ಏರು ಮುಗಿದ ಮೇಲೆ 91ಕ್ಕೆ ಹಾರುತ್ತಿತ್ತು. ಬೇಕಾದ ವೇಗಕ್ಕಿಂತ ಎಷ್ಟು ಕಮ್ಮಿ ಅಂತ ಏರಿನುದ್ದಕ್ಕೂ ಕೂಡಿಟ್ಟ ತಪ್ಪಿನ ಲೆಕ್ಕವನ್ನ ಕಂಟ್ರೋಲ್ ಇಳಿಜಾರಿನಲ್ಲಿ ತೀರಿಸಿಕೊಳ್ಳುತ್ತಿತ್ತು. ಥ್ರಾಟಲ್ ಪೂರ್ತಿ ತೆರೆದ ಮೇಲೆ ಕೂಡೋದನ್ನ ನಿಲ್ಲಿಸಿದೆ, ಸರಿಹೋಯಿತು. ನನ್ನ ಪಿಐಡಿ ನಂಬರ್‌ಗಳನ್ನ (ವೇಗ ತಪ್ಪಿದಾಗ ಥ್ರಾಟಲ್ ಎಷ್ಟು ತಿದ್ದಬೇಕು ಅನ್ನೋ ಲೆಕ್ಕದವು) ಕೇಳಬೇಡಿ, ಮೂರು ತಿಂಗಳ ಭಾನುವಾರ ಹೋಗಿದೆ ಅದಕ್ಕೆ.

ಒಟ್ಟು ಖರ್ಚು ಒಂಬತ್ತೂವರೆ ಸಾವಿರದ ಹತ್ತಿರ, ಅದರಲ್ಲಿ ನಾಲ್ಕು ಸಾವಿರ ಕಸದ ಡಬ್ಬಿಗೆ. ಮೈಲೇಜು 16 ಇದ್ದದ್ದು 17 ಆಗಿರಬಹುದು, ಅದೂ ಸಪಾಟು ರಸ್ತೆಯಲ್ಲಿ. ಮಳೆಯಲ್ಲಿ ಹಾಕೋದೇ ಇಲ್ಲ.

ಮಿಸ್ತ್ರಿ ಈಗ ತಮ್ಮ ಗಿರಾಕಿಯೊಬ್ಬರ ಜೆನ್‌ಗೆ ಎಷ್ಟಾಗುತ್ತೆ ಅಂತ ಕೇಳುತ್ತಿದ್ದಾರೆ. ರೇಟ್ ಇನ್ನೂ ಹೇಳಿಲ್ಲ.